ಗಾಜಿನ ಆಚೆಯ ಗಂಟಲು

ಪರದೆಯನ್ನು ಎರಡನೆಯ ಪಲ್ಲವಿಗೆ ಎಳೆಯಬೇಕೋ ಮೂರನೆಯದಕ್ಕೋ ಎಂಬುದು ಯಾರ್ಕ್‌ಷೈರಿನ ಆಲ್ಡರ್‌ಷಾ ಪುರಸಭೆ ತನ್ನ ಇತಿಹಾಸದಲ್ಲಿ ಎದುರಿಸಿದ ಪ್ರಶ್ನೆಗಳಲ್ಲೆಲ್ಲ ಗುರುತರವಾದುದು. 1994ರಲ್ಲಿ ಇದಕ್ಕಾಗಿಯೇ ಉಪಸಮಿತಿಯೊಂದು ಎರಡು ಸಲ ಸೇರಿತು; ಚಹಾ ಬಿಸ್ಕತ್ತುಗಳ ನಡುವೆ ಒಬ್ಬ ಸದಸ್ಯರು ಸಭಾತ್ಯಾಗವನ್ನೂ ಮಾಡಿದರು. ಊರಿನ ಚಿತಾಗಾರದಲ್ಲಿ ಶವಪೆಟ್ಟಿಗೆಯ ಮುಂದಿನ ಪರದೆ ಪೂರ್ತಿ ಮುಚ್ಚಲು ನಲವತ್ತೆರಡು ಸೆಕೆಂಡು ಬೇಕು. ಬೀಳ್ಕೊಡುಗೆಗೆ ಜನ ಪದೇಪದೇ ಕೇಳುವ 'ಟಾ-ಟಾ, ವಾಂಡಾ' ಹಾಡಿನಲ್ಲಿ ಪಲ್ಲವಿ ಮೂರು ಸಲ ಬರುತ್ತದೆ. ಎರಡನೆಯದಕ್ಕೆ ಎಳೆದರೆ ನೆಂಟರು ಮುಚ್ಚಿದ ಪರದೆಯನ್ನೇ ನೋಡುತ್ತ ಕೂರಬೇಕು. ಮೂರನೆಯದಕ್ಕೆ ಎಳೆದರೆ ಹಾಡು ಮುಗಿದ ಮೇಲೂ ಪರದೆ ಕಿರುಗುಟ್ಟುತ್ತ ಸಾಗುತ್ತಿರುತ್ತದೆ. ಕೊನೆಗೆ ಸಮಿತಿ 'ಸಿಬ್ಬಂದಿಯ ವಿವೇಚನೆಗೆ ಬಿಡಲಾಗಿದೆ' ಎಂದು ಠರಾವು ಬರೆದು ಎದ್ದಿತು.

ಆ ಸಿಬ್ಬಂದಿ ಎಂದರೆ ಅರವತ್ತಮೂರು ವರ್ಷದ ನೆವಿಲ್ ಸಗ್ಡನ್. ನವೆಂಬರಿನ ಬೆಳಗು ಆರೂವರೆಗೆ ಇನ್ನೂ ಕಪ್ಪಗಿದೆ. ಗುಡ್ಡದ ಮೇಲಿನ ಗೇಟಿನ ಬೀಗ ಹೆಪ್ಪುಗಟ್ಟಿದೆ. ನೆವಿಲ್ ಅದನ್ನು ಎರಡೂ ಅಂಗೈಯಲ್ಲಿ ಮುಚ್ಚಿಕೊಂಡು, ಬಾಯಿಂದ ಬಿಸಿಯುಸಿರು ಊದಿ ತೆರೆಯುತ್ತಾರೆ. ಮೊದಲು ಎರಡೂ ಕುಲುಮೆ ಹೊತ್ತಿಸುವುದು. ಅವು ಎಂಟುನೂರೈವತ್ತು ಡಿಗ್ರಿಗೆ ಏರುವಷ್ಟರಲ್ಲಿ ಪ್ರಾರ್ಥನಾ ಮಂದಿರದ ಬೆಂಚು ಒರೆಸಿ, ನಿನ್ನೆಯವರು ಬಿಟ್ಟುಹೋದ ಕರವಸ್ತ್ರ, ಕೈಗವಸು, ಒಮ್ಮೊಮ್ಮೆ ಹಲ್ಲಿನ ಸೆಟ್ಟು, ಎಲ್ಲವನ್ನೂ ಆಯ್ದಿಡುತ್ತಾರೆ. ಆಮೇಲೆ ಹಿಂಬದಿಯ ಗಾಜಿನ ಕೋಣೆ. ಅಲ್ಲಿ ಕುಳಿತವರಿಗೆ ಮಂದಿರದಲ್ಲಿರುವವರೆಲ್ಲ ಕಾಣುತ್ತಾರೆ. ಮಂದಿರದಲ್ಲಿರುವವರಿಗೆ ಆ ಗಾಜಿನಲ್ಲಿ ತಮ್ಮದೇ ಮುಖ ಕಾಣುತ್ತದೆ.

ಧ್ವನಿವರ್ಧಕ ಪರೀಕ್ಷಿಸಲು ನೆವಿಲ್ ಮೈಕನ್ನು ಉಗುರಿನಿಂದ ಕುಟ್ಟುತ್ತಾರೆ. ಕಚೇರಿಯ ಗುಮಾಸ್ತೆ ಪಾಲೀನ್ ಆಗಷ್ಟೇ ಬಂದು ಕೋಟು ತೆಗೆಯುತ್ತಿದ್ದಾರೆ.

"ಮರಕುಟಿಗ ಬಂತಾ ಅಂದ್ಕೊಂಡೆ. ಒಂದ್ ಸಾಲು ಹಾಡಿದ್ರೆ ನಿನ್ ಗಂಟೇನಪ್ಪಾ ಹೋಗೋದು?"

"ಹಾಡಿದ್ರೆ ಮಲಗಿರೋರು ಎದ್ದು ಕೂತ್ಕೋತಾರೆ ಕಣೆ. ಆಮೇಲೆ ಅವ್ರಿಗೆಲ್ಲ ಚಹಾ ಕೊಡೋಳು ನೀನೇ."

ಚಳಿಗಾಲದಲ್ಲಿ ದಿನಕ್ಕೆ ಹತ್ತು ಅಂತ್ಯಕ್ರಿಯೆ, ಬೇಸಿಗೆಯಲ್ಲಿ ಆರೋ ಏಳೋ. ಒಂದೊಂದಕ್ಕೆ ನಲವತ್ತು ನಿಮಿಷ. ಒಂದು ದೇಹ ಬೂದಿಯಾಗಲು ಒಂದೂವರೆ ಗಂಟೆ. ಉಳಿಯುವುದು ಎರಡೂವರೆ ಕಿಲೋ. ಸುತ್ತಲಿನ ಊರುಗಳನ್ನೂ ಸೇರಿಸಿ ಇಪ್ಪತ್ತೇಳು ವರ್ಷದಲ್ಲಿ ನೆವಿಲ್ ಸುಮಾರು ನಲವತ್ತೈದು ಸಾವಿರ ಜನರನ್ನು ಕಳಿಸಿಕೊಟ್ಟಿದ್ದಾರೆ. ಆಲ್ಡರ್‌ಷಾದಲ್ಲಿ ಈಗ ಉಸಿರಾಡುತ್ತಿರುವವರು ಅಷ್ಟಿಲ್ಲ. ಕಳಿಸಿಕೊಟ್ಟವರಲ್ಲಿ ಅವರ ಹೆಂಡತಿ ಬ್ರೆಂಡಾ ಕೂಡ ಒಬ್ಬರು, ಆರು ವರ್ಷದ ಹಿಂದೆ. ಆ ದಿನ ರಜೆ ತಗೋ ಎಂದರು ಕಚೇರಿಯವರು, ನೆವಿಲ್ ತಗೊಳ್ಳಲಿಲ್ಲ. ಬ್ರೆಂಡಾರ ಅಂತ್ಯಕ್ರಿಯೆಯ ಫಾರಂನಲ್ಲಿ 'ಸಂಗೀತ' ಎಂಬಲ್ಲಿ 'ಬೇಡ' ಎಂದಿತ್ತು. ಅದನ್ನು ಆಕೆ ಸಾಯುವ ಮುಂಚೆ ತಾವೇ ತುಂಬಿಟ್ಟಿದ್ದರು.

"ಅವ್ಳಿಗೆ ಗೊತ್ತಿತ್ತು, ಯಾವ ಹಾಡು ಹಾಕ್ಬೇಕಾದ್ರೂ ಗುಂಡಿ ಒತ್ತೋನು ನಾನೇ ಅಂತ" ಎನ್ನುತ್ತಾರೆ ನೆವಿಲ್. "ಟಾ-ಟಾ ವಾಂಡಾನ ಮುನ್ನೂರು ಸಲ ಹಾಕಿದ್ಮೇಲೆ ಎಣಿಸೋದು ಬಿಟ್ಟೆ. ಬೇರೆ ಯಾರಾದ್ರೂ ಹಾಡಿದ್ದಾಗಿದ್ರೆ ಅಷ್ಟು ಬೇಜಾರು ಆಗ್ತಿರ್ಲಿಲ್ಲ."

ಏಕೆಂದರೆ ಅದನ್ನು ಹಾಡಿದವರು ನೆವಿಲ್ ಸಗ್ಡನ್. ಈ ಸಂಗತಿ ರೆಕಾರ್ಡಿನ ಹೊದಿಕೆಯ ಮೇಲಿಲ್ಲ, ಪತ್ರಿಕೆಗಳಲ್ಲಿಲ್ಲ. ಮೊನ್ನೆಮೊನ್ನೆಯವರೆಗೆ ಊರಿನಲ್ಲಿ ಇದು ಗೊತ್ತಿದ್ದ ಮೂವರಲ್ಲಿ ಒಬ್ಬರು ಬ್ರೆಂಡಾ.

1973ರಲ್ಲಿ ನೆವಿಲ್ ಉಣ್ಣೆ ಗಿರಣಿಯಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದರು. ಶನಿವಾರ ಕಾರ್ಮಿಕರ ಕ್ಲಬ್ಬಿನಲ್ಲಿ ಹಾಡುತ್ತಿದ್ದರು. ಅಲ್ಲಿ ಕೇಳಿದ ರೆಕಾರ್ಡ್ ಕಂಪನಿಯ ಒಬ್ಬ ನಿರ್ಮಾಪಕ ಲಂಡನ್ನಿಗೆ ಕರೆಸಿದ. ಒಬ್ಬರೇ ಹೋಗಲು ಹೆದರಿಕೆಯಾಗಿ, ಸಾಮಾನು ಹೊರಲು ಎಂಬ ನೆಪದಲ್ಲಿ ಪಕ್ಕದ ಬೀದಿಯ ಗೆಳೆಯನನ್ನು ಜೊತೆಗೆ ಕರೆದೊಯ್ದರು. ಗೆಳೆಯನ ಹೆಸರು ಕ್ಲಿಫರ್ಡ್ ಪಿಕಲ್ಸ್. ಅಂಚೆ ಹಂಚುವ ಕೆಲಸ, ಸಿಂಹದಂಥ ಕೂದಲು. ನೆವಿಲ್‌ಗೆ ಆಗಲೇ ತಲೆ ಬೋಳಾಗಿತ್ತು. ಫುಟ್‌ಬಾಲಿನಲ್ಲಿ ಮುಂದಿನ ಎರಡು ಹಲ್ಲು ಹೋಗಿದ್ದವು. ಮೂರು ಗಂಟೆಯಲ್ಲಿ ಹಾಡು ಮುಗಿಯಿತು. ಟಿವಿಯಲ್ಲಿ ತೋರಿಸಲು ಒಂದು ಮುಖ ಬೇಕಲ್ಲ ಎಂದು ನಿರ್ಮಾಪಕ ನೆವಿಲ್‌ರನ್ನು ಮೇಲಿಂದ ಕೆಳಗೆ ನೋಡಿದ, ನಿಟ್ಟುಸಿರು ಬಿಟ್ಟ, ಆಮೇಲೆ ಬಾಗಿಲ ಕಡೆ ತಿರುಗಿದ.

"ಏಯ್, ಪೆಟ್ಟಿಗೆ ಹೊತ್ಕೊಂಡು ನಿಂತಿರೋನೇ, ನಿಂಗೆ ಬಾಯಿ ತೆಗ್ದು ಮುಚ್ಚೋಕೆ ಬರುತ್ತೇನಯ್ಯಾ?"

"ಊಟ ಮಾಡುವಾಗ ಬರುತ್ತೆ ಸಾರ್" ಎಂದ ಕ್ಲಿಫರ್ಡ್.

ಪಿಕಲ್ಸ್ ಎಂದರೆ ಉಪ್ಪಿನಕಾಯಿ. ಆ ಹೆಸರಿಟ್ಟುಕೊಂಡು ಹೆಣ್ಣುಮಕ್ಕಳನ್ನು ಮೂರ್ಛೆ ಬೀಳಿಸುವುದು ಕಷ್ಟ. ಹಾಗಾಗಿ ಕ್ಲಿಫರ್ಡ್ ಒಂದೇ ವಾರದಲ್ಲಿ 'ಜಾನಿ ಡಿಲೈಟ್' ಆದ. ಬೆಳ್ಳಿ ಬಣ್ಣದ ಬೂಟು ಹಾಕಿಕೊಂಡು, ರೈಲು ಹತ್ತಿ ಹೋಗುವ ವಾಂಡಾಗೆ ಟಾಟಾ ಮಾಡಿದ. ಹಾಡು ದೇಶದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕೆ ಏರಿ ಹನ್ನೊಂದು ವಾರ ಉಳಿಯಿತು. ಎರಡನೆಯ ಹಾಡನ್ನು ತಾನೇ ಹಾಡುತ್ತೇನೆ ಎಂದು ಕ್ಲಿಫರ್ಡ್ ಹಟ ಹಿಡಿದ. ಅವನನ್ನು ಒಮ್ಮೆ ಹಾಡಿಸಿ ನೋಡಿದ ಕಂಪನಿ ಎರಡನೆಯ ಹಾಡೇ ಬೇಡ ಎಂದಿತು. ನೆವಿಲ್‌ಗೆ ಮತ್ತೆ ಕರೆ ಬರಲಿಲ್ಲ. ಯಾರಿಗೂ ಹೇಳುವುದಿಲ್ಲ ಎಂದು ಒಂದು ಕಾಗದಕ್ಕೆ ಸಹಿ ಹಾಕಿದ್ದರು. ಅದರ ಪ್ರತಿ ಕೂಡ ಅವರ ಬಳಿ ಇಲ್ಲ. ಮಗ್ಗಕ್ಕೆ ಮರಳಿದರು. ಕ್ಲಬ್ಬಿನಲ್ಲಿ ಹಾಡಲು ಹೋದರೆ ಜನ 'ಟಾ-ಟಾ ವಾಂಡಾ' ಕೇಳಿದರು. ಹಾಡಿದರೆ, "ಪರ್ವಾಗಿಲ್ಲ, ಆದ್ರೆ ಜಾನಿ ಥರ ಬರಲ್ಲ ಬಿಡು" ಎಂದರು. ನೆವಿಲ್ ಹಾಡುವುದನ್ನು ನಿಲ್ಲಿಸಿದರು. 1985ರಲ್ಲಿ ಗಿರಣಿ ಮುಚ್ಚಿತು. ಮರುವರ್ಷ ಈ ಕೆಲಸ ಸಿಕ್ಕಿತು.

ಕ್ಲಿಫರ್ಡ್ ಆ ಒಂದು ಹಾಡಿನ ಮೇಲೆ ನಲವತ್ತು ವರ್ಷ ಬದುಕಿದರು. ಕಡಲತೀರದ ರಜಾ ಶಿಬಿರಗಳಲ್ಲಿ, ಅಂಗಡಿಗಳ ಉದ್ಘಾಟನೆಯಲ್ಲಿ, ಕೊನೆಕೊನೆಗೆ ವೃದ್ಧಾಶ್ರಮಗಳಲ್ಲಿ ಟೇಪು ಹಾಕಿಕೊಂಡು ತುಟಿಯಾಡಿಸಿದರು. ಮನೆಯಲ್ಲಿ ಮಾತ್ರ ಎಂದೂ ಹಾಡಲಿಲ್ಲ. ಗಂಟಲು ಅನ್ನ ಕೊಡುವ ದೇವರು, ಅದನ್ನು ಬಿಟ್ಟಿ ದುಡಿಸಬಾರದು ಎನ್ನುತ್ತಿದ್ದರಂತೆ. ಅವರ ತಾಯಿಯ ಅಂತ್ಯಕ್ರಿಯೆ ಇದೇ ಮಂದಿರದಲ್ಲಿ ನಡೆಯಿತು, ಇದೇ ಹಾಡಿಗೆ. ನೆವಿಲ್ ಗಾಜಿನ ಹಿಂದೆ ಕುಳಿತು ನೋಡಿದರು: ಮೊದಲ ಬೆಂಚಿನಲ್ಲಿ ಕ್ಲಿಫರ್ಡ್ ಕಣ್ಣೊರೆಸಿಕೊಳ್ಳುತ್ತಿದ್ದರು, ತುಟಿಗಳು ತಮ್ಮಷ್ಟಕ್ಕೆ ಆಡುತ್ತಿದ್ದವು.

"ಪಾಪ, ಅಭ್ಯಾಸಬಲ" ಎನ್ನುತ್ತಾರೆ ನೆವಿಲ್. "ಆದ್ರೂ ಒಂದಕ್ಷರ ಹಿಂದೆಮುಂದೆ ಆಗ್ಲಿಲ್ಲ ನೋಡಿ."

ಈ ತಿಂಗಳ ಮೊದಲ ಭಾನುವಾರ ಕ್ಲಿಫರ್ಡ್ ಪಿಕಲ್ಸ್ ತೀರಿಕೊಂಡರು. ಶ್ವಾಸಕೋಶದ ಕಾಯಿಲೆ. ಮಂಗಳವಾರ ಅವರ ಒಬ್ಬಳೇ ಮಗಳು ಲೊರೇನ್ ಚಿತಾಗಾರಕ್ಕೆ ಬಂದರು, ಕೈಯಲ್ಲೊಂದು ಹಳೆಯ ಕ್ಯಾಸೆಟ್. ಮೇಲೆ ತಾಯಿಯ ಅಕ್ಷರದಲ್ಲಿ 'ಕ್ರಿಸ್ಮಸ್ 1981' ಎಂದಿತ್ತು.

"ಇದನ್ನ ಹಾಕೋ ಯಂತ್ರ ಊರಲ್ಲಿ ಇನ್ನೆಲ್ಲೂ ಇಲ್ವಂತೆ" ಎಂದರು ಲೊರೇನ್. "ಅಪ್ಪ ಮನೇಲಿ ಹಾಡಿದ್ದು ಇದೊಂದೇ ಸಲ ಸಾರ್. ಕುಡಿದಿದ್ರಂತೆ. ಶುಕ್ರವಾರ ಇದನ್ನೇ ಹಾಕೋಣ ಅಂತ ನನ್ನಾಸೆ. ವಾಂಡಾ ಎಲ್ಲರದ್ದು. ಇದು ನಂದು."

ನೆವಿಲ್ ಕ್ಯಾಸೆಟ್ ಹಾಕಿದರು. ತಟ್ಟೆಗಳ ಸದ್ದು, ಕೆಮ್ಮು, ಆಮೇಲೆ ಕ್ಲಿಫರ್ಡ್: "ನಿದ್ದೆ ಬರ್ತಿಲ್ವೇನೇ ಪುಟ್ಟಿ? ಬಾ ಇಲ್ಲಿ." ಲೊರೇನ್ ಬಾಯಿಗೆ ಕೈ ಅಡ್ಡ ಹಿಡಿದರು. ಆಮೇಲೆ ಜೋಗುಳ. ಅದು ಯಾವ ಶ್ರುತಿಯಲ್ಲಿ ಶುರುವಾಯಿತೋ ಅದರಲ್ಲಿ ಮುಂದುವರಿಯಲಿಲ್ಲ; ಮುಂದುವರಿದುದರಲ್ಲಿ ಮುಗಿಯಲಿಲ್ಲ. ಎರಡನೆಯ ಸಾಲು ಮರೆತು ಕ್ಲಿಫರ್ಡ್ ಮೊದಲನೆಯದನ್ನೇ ಮತ್ತೆ ಹಾಡಿದರು. "ಇನ್ನೊಂದ್ಸಲ ಅಪ್ಪಾ" ಎಂದಿತು ಮಗು.

ಲೊರೇನ್ ಮುಖ ಪೆಚ್ಚಾಯಿತು. "ಟೇಪು ಎಳೆದುಹೋಗಿದೆ ಅಲ್ವಾ? ಮಾತಾಡುವಾಗ ಸರಿಯಾಗೇ ಇತ್ತು, ಹಾಡು ಬಂದಾಗ ಮಾತ್ರ ಕೆಟ್ಟಿದೆ. ಸರಿ ಮಾಡೋಕಾಗುತ್ತಾ? ಆಗಲ್ಲ ಅಂದ್ರೆ ಬೇಡ ಬಿಡಿ. ಇದನ್ನ ಹಾಕಿದ್ರೆ ಜನ ನಗ್ತಾರೆ. ವಾಂಡಾನೇ ಹಾಕಿ."

ಇಲ್ಲಿ ನೆವಿಲ್ 'ಆಗಲ್ಲ ತಾಯಿ' ಎಂದಿದ್ದರೆ ಈ ಬರಹಕ್ಕೆ ವಸ್ತುವೇ ಇರುತ್ತಿರಲಿಲ್ಲ. ನಲವತ್ತು ವರ್ಷ ಬಾಯಿ ಮುಚ್ಚಿಕೊಂಡವರಿಗೆ ಇನ್ನೊಂದು ಸಲ ಮುಚ್ಚಿಕೊಳ್ಳುವುದು ದೊಡ್ಡ ಕೆಲಸವಲ್ಲ. ಆದರೆ ಸತ್ತವನ ನಿಜವಾದ ಧ್ವನಿ ಇರುವುದು ಅಲ್ಲಿ ಮಾತ್ರ. ಅದನ್ನು ಅವನ ಮಗಳೇ ಹಾಳಾದ ಟೇಪು ಎಂದು ಎಸೆಯಲು ಹೊರಟಿದ್ದಾಳೆ.

"ಟೇಪು ಚೆನ್ನಾಗೇ ಇದೆ ತಾಯಿ" ಎಂದರು ನೆವಿಲ್. "ನಿಮ್ಮಪ್ಪ ಹಾಡ್ತಿದ್ದಿದ್ದೇ ಹಾಗೆ. ಇದನ್ನೇ ಹಾಕಿಸಿ. ಇದು ಅವನು."

"ಹಾಗಾದ್ರೆ ವಾಂಡಾ?"

"ಅದು ನಾನು."

ಲೊರೇನ್ ನಕ್ಕರು. ನೆವಿಲ್ ನಗದಿರುವುದನ್ನು ಕಂಡು ನಿಲ್ಲಿಸಿದರು. "ಏನಂದ್ರಿ?"

ಲಂಡನ್ನು, ನಿರ್ಮಾಪಕ, ಪೆಟ್ಟಿಗೆ, ಎಲ್ಲವನ್ನೂ ಕೇಳಿ ಮುಗಿಸುವ ವ್ಯವಧಾನ ಆಕೆಗಿರಲಿಲ್ಲ. ರುಜುವಾತು ಏನಿದೆ ಎಂದು ಕೇಳಿದರು. ನೆವಿಲ್ ಬಳಿ ಇದ್ದದ್ದು ಒಂದೇ. ಕೋಟಿನ ಗುಂಡಿ ಹಾಕಿಕೊಂಡು ನೆಟ್ಟಗೆ ನಿಂತು ಮೊದಲ ಸಾಲು ಹಾಡಿದರು, ಮೂವತ್ತೈದು ವರ್ಷಗಳ ನಂತರ ಮೊದಲ ಬಾರಿಗೆ. ಗಿರಣಿಯ ಧೂಳು, ಕುಲುಮೆಯ ಹೊಗೆ ಸೇರಿದ ಆ ದನಿ ರೆಕಾರ್ಡಿನಂತಿರಲಿಲ್ಲ. ತುಕ್ಕು ಹಿಡಿದ ತಿರುಗಣಿಯಂತಿತ್ತು. ಎರಡನೆಯ ಸಾಲಿಗೆ ಅದೂ ನಿಂತಿತು.

"ನಾಚಿಕೆ ಆಗಲ್ವೇನ್ರೀ ನಿಮಗೆ?" ಎಂದರು ಲೊರೇನ್, ಎದ್ದು ನಿಂತು. "ನಮ್ಮಪ್ಪನ್ನ ಇನ್ನೂ ಪೆಟ್ಟಿಗೇಲಿ ಮಲಗಿಸಿಲ್ಲ. ಆಗ್ಲೇ ಪಾಲು ಕೇಳೋಕೆ ಬಂದ್ರಾ?"

ಕ್ಯಾಸೆಟ್ ಯಂತ್ರದಲ್ಲೇ ಉಳಿಯಿತು. ಗುರುವಾರ ಪುರಸಭೆಯಿಂದ ಪತ್ರ ಬಂತು: ಶೋಕದಲ್ಲಿರುವವರ ಬಳಿ ಅಸಂಬದ್ಧವಾಗಿ ಮಾತನಾಡಿದ್ದಕ್ಕೆ ಎಚ್ಚರಿಕೆ, ಇನ್ನೊಮ್ಮೆ ಹೀಗಾದರೆ ಕೆಲಸದಿಂದ ತೆಗೆಯಲಾಗುವುದು. ನಿವೃತ್ತಿಗೆ ಇನ್ನು ಎರಡು ವರ್ಷವಿದೆ. ಪತ್ರವನ್ನು ಪಾಲೀನ್ ಅವರೇ ಕೈಗೆ ಕೊಟ್ಟರು.

"ನಿಜಾನಾ ನೆವಿಲ್?"

"ನಿಂಗೆ ಏನನ್ಸುತ್ತೆ?"

"ಮೈಕು ಕುಟ್ಟೋನು ಹಾಡುಗಾರ ಅಂದ್ರೆ ಯಾರು ನಂಬ್ತಾರೋ ಮಾರಾಯ" ಎಂದರು ಪಾಲೀನ್. ಸ್ವಲ್ಪ ಹೊತ್ತಿನ ಮೇಲೆ ಅವರ ಮುಂದೆ ಚಹಾ ತಂದಿಟ್ಟರು. ಎಂದೂ ತಂದಿಟ್ಟವರಲ್ಲ.

ಶುಕ್ರವಾರ ಹನ್ನೊಂದು ಇಪ್ಪತ್ತು. ಮಂದಿರ ತುಂಬಿ ಜನ ಹೊರಗೂ ನಿಂತಿದ್ದಾರೆ. ಪೆಟ್ಟಿಗೆಯ ಮೇಲೆ ಬೆಳ್ಳಿ ಬೂಟು. ಅರವತ್ತು ದಾಟಿದ ಹೆಂಗಸರು ಹಳೆಯ ಚಿತ್ರಗಳನ್ನು ಎದೆಗೊತ್ತಿಕೊಂಡು ಬಂದಿದ್ದಾರೆ. ಪಾದ್ರಿ, ಆಲ್ಡರ್‌ಷಾಕ್ಕೆ ದೇವರು ಕೊಟ್ಟ ಕಂಠವನ್ನು ಇಂದು ಹಿಂದಕ್ಕೆ ಪಡೆದಿದ್ದಾನೆ ಎನ್ನುತ್ತಾರೆ. ಗಾಜಿನ ಹಿಂದೆ ನೆವಿಲ್ ಮುಂದೆ ಎರಡು ಗುಂಡಿಗಳಿವೆ. ಒಂದು, ಲೊರೇನ್ ಫಾರಂನಲ್ಲಿ ಬರೆದ ವಾಂಡಾ ಹಾಡಿಗೆ. ಇನ್ನೊಂದು ಕ್ಯಾಸೆಟ್ ಯಂತ್ರಕ್ಕೆ. ಬೆಳಿಗ್ಗೆ ಬೇಗ ಬಂದು ನೆವಿಲ್ ಆ ಕ್ಯಾಸೆಟ್ಟನ್ನು 'ಬಾ ಇಲ್ಲಿ' ಎಂಬ ಮಾತಿನವರೆಗೆ ಸರಿಯಾಗಿ ಸುತ್ತಿಟ್ಟಿದ್ದಾರೆ. ಏಕೆ ಎಂದು ಕೇಳಿದರೆ, "ಸುಮ್ನೆ" ಎನ್ನುತ್ತಾರೆ.

ಪಾದ್ರಿ ಹಾಡು ಹಾಕಲು ತಲೆಯಾಡಿಸಿ ಸನ್ನೆ ಮಾಡುತ್ತಾರೆ. ಮೊದಲ ಬೆಂಚಿನಿಂದ ಲೊರೇನ್ ಗಾಜಿನ ಕಡೆ ಒಮ್ಮೆ ತಿರುಗಿ ನೋಡುತ್ತಾರೆ. ಆಕೆಗೆ ಅಲ್ಲಿ ಕಂಡದ್ದು ತನ್ನ ಮುಖವೇ ಇರಬೇಕು. ನೆವಿಲ್ ಬೆರಳು ಕ್ಯಾಸೆಟ್ ಗುಂಡಿಯ ಮೇಲೆ ಒಂದು ಕ್ಷಣ ನಿಂತು, ಪಕ್ಕಕ್ಕೆ ಸರಿಯುತ್ತದೆ.

"ಫಾರಂನಲ್ಲಿ ಬರೆದದ್ದನ್ನ ಹಾಕ್ಬೇಕು, ಅಷ್ಟೇ" ಎನ್ನುತ್ತಾರೆ ಆಮೇಲೆ, ಹನ್ನೆರಡು ಗಂಟೆಯವರ ಹೂವಿಗೆ ಜಾಗ ಮಾಡುತ್ತ. "ಅವ್ಳಿಗೆ ಅಪ್ಪ ಅಂದ್ರೆ ಆ ಹಾಡು. ಅದನ್ನೂ ಕಿತ್ಕೊಂಡ್ರೆ ಆ ಹುಡ್ಗಿಗೆ ಉಳಿಯೋದೇನು?" ಹೂವಿನ ದಂಡೆಯನ್ನು ನೆಟ್ಟಗೆ ನಿಲ್ಲಿಸುತ್ತಾರೆ, ಅದು ಮತ್ತೆ ವಾಲುತ್ತದೆ. "ಒಂದ್ ಮಾತು. ಆ ಕೊನೇ ಸ್ವರ ಇದೆಯಲ್ಲ, ಹದಿನೇಳು ಸೆಕೆಂಡು, ಒಂದೇ ಉಸಿರು. ಲಂಡನ್ನಲ್ಲಿ ವಾದ್ಯ ನುಡಿಸೋರೆಲ್ಲ ಎದ್ದು ನಿಂತ್ಬಿಟ್ರು. ಕ್ಲಿಫ್‌ಗೆ ಅಷ್ಟು ಹೊತ್ತು ಬರೀ ಬಾಯಿ ತೆಕ್ಕೊಂಡಿರೋಕೂ ಆಗ್ತಿರ್ಲಿಲ್ಲ, ಪಾಪ."

ಕ್ಲಿಫರ್ಡ್ ಪಿಕಲ್ಸ್ ಅವರ ಅಂತ್ಯಕ್ರಿಯೆ ಹನ್ನೆರಡಕ್ಕೆ ಸರಿಯಾಗಿ ಮುಗಿಯಿತು. ನಾನೂರು ಜನ ಬಂದಿದ್ದರು. ಅವರ ಧ್ವನಿಯನ್ನು ಯಾರೂ ಕೇಳಲಿಲ್ಲ.