ಸೇರಿಸದ ನೀಲಿ

ಬಣ್ಣದ ಕಾರ್ಖಾನೆಯ ಮೂರನೆಯ ಮಹಡಿಯಲ್ಲಿ, ಉತ್ತರದ ದೊಡ್ಡ ಕಿಟಕಿಯ ಪಕ್ಕ ಒಂದು ಕುರ್ಚಿ ಇತ್ತು. ಎತ್ತರದ ಬೆನ್ನು, ತೋಳಿನ ಮೇಲೆ ಸವೆದ ಚರ್ಮ, ನಾಲ್ಕು ಚಕ್ರಗಳಲ್ಲಿ ಒಂದು ಕುಂಟು. ಇದಕ್ಕಿಂತ ಕಳಪೆ ಸಿಂಹಾಸನಗಳಿಗಾಗಿ ರಾಜರು ಅಣ್ಣತಮ್ಮಂದಿರನ್ನು ಕೊಂದಿದ್ದಾರೆ. ಆ ಕುರ್ಚಿಗೂ ಆಯ್ತಪ್ಪನವರ ಮೇಜಿಗೂ ನಡುವೆ ಬರೀ ಎಂಟು ಹೆಜ್ಜೆ. ಆ ಎಂಟು ಹೆಜ್ಜೆ ದಾಟಲು ಅವರು ಇಪ್ಪತ್ತಾರು ವರ್ಷಗಳಿಂದ ಹೊರಟು ನಿಂತಿದ್ದರು.

ಆಯ್ತಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಮೇಲಿನವರು ಏನೇ ಹೇಳಲಿ "ಆಯ್ತು ಸಾರ್" ಎಂದುಬಿಡುವ ಮನುಷ್ಯನಿಗೆ ಕೆಳಗೆ ಬಣ್ಣ ಕಲಸುವವರು ಪ್ರೀತಿಯಿಂದ ಕೊಟ್ಟ ಬಿರುದು ಅದು. ನಿಜವಾದ ಹೆಸರು ಸಂಬಳದ ಚೀಟಿಗೆ ಮಾತ್ರ ಗೊತ್ತಿತ್ತು. ಹೆಂಡತಿ ಕೂಡ "ಇವರು", "ಇವರನ್ನ" ಎಂದು ಕೆಲಸ ಸಾಗಿಸುತ್ತಿದ್ದರು. ಆಯ್ತಪ್ಪನವರು ಬಣ್ಣ ಹೊಂದಿಸುವ ವಿಭಾಗದ ಉಪಮುಖ್ಯಸ್ಥರು. ಕಾರ್ಖಾನೆಯಲ್ಲಿ ಕಲಸಿದ ಪ್ರತಿ ಹಂಡೆ ಬಣ್ಣದಿಂದ ಒಂದು ಡಬ್ಬಿ ಮೇಲೆ ಬರಬೇಕು, ಮುಖ್ಯಸ್ಥರು ಕಿಟಕಿಯ ಬೆಳಕಿನಲ್ಲಿ ನೋಡಿ ಒಪ್ಪಬೇಕು, ಆಮೇಲೆಯೇ ಹಂಡೆಯ ಬಣ್ಣವನ್ನು ಡಬ್ಬಿಗಳಿಗೆ ಸುರಿಯಬೇಕು.

ಆ ಮುಖ್ಯಸ್ಥರನ್ನು ಎಲ್ಲರೂ ದೊಡ್ಡವರು ಎನ್ನುತ್ತಿದ್ದರು. ಪ್ರತಿ ಬಣ್ಣಕ್ಕೂ ಒಂದು ಮಾದರಿ ಹಲಗೆ ಕತ್ತಲೆಯ ಖಾನೆಯಲ್ಲಿ ಭದ್ರವಾಗಿರುತ್ತಿತ್ತು. ಹೊಸದನ್ನು ಅದರ ಪಕ್ಕ ಇಟ್ಟು ಹೋಲಿಸಬೇಕೆಂಬುದು ನಿಯಮ. ದೊಡ್ಡವರಿಗೆ ಅದು ಅವಮಾನ. "ಹಲಗೆ ಯಾಕಯ್ಯಾ? ಮುನ್ನೂರ ಹನ್ನೆರಡು ಬಣ್ಣಾನೂ ಇಲ್ಲಿವೆ," ಎಂದು ಹಣೆಗೆ ಬೆರಳು ತಟ್ಟುತ್ತಿದ್ದರು. ತಟ್ಟುವ ಹಕ್ಕೂ ಇತ್ತೆನ್ನಿ. ಒಂದು ಕಾಲದಲ್ಲಿ ಅವರು ಡಬ್ಬಿಯೊಳಗೆ ಇಣುಕಿ "ಐದು ಗ್ರಾಂ ಕಪ್ಪು ಹೆಚ್ಚಾಗಿದೆ" ಎಂದರೆ ಐದು ಗ್ರಾಮೇ ಹೆಚ್ಚಾಗಿರುತ್ತಿತ್ತು. ತಕ್ಕಡಿ ನಾಚಿಕೊಳ್ಳುತ್ತಿತ್ತು.

ಕಾಲ ಸುಮ್ಮನಿರುತ್ತದೆಯೇ? ದೊಡ್ಡವರ ಕಣ್ಣಿಗೆ ಮೆಲ್ಲಗೆ ಪೊರೆ ಬಂತು, ಹಳೆಯ ಗಾಜಿನಂತೆ ಹಳದಿ ತಿರುಗಿದ ಪೊರೆ. ಒಂದು ಬೆಳಿಗ್ಗೆ ಅಚ್ಚ ಬಿಳಿಯ ಡಬ್ಬಿ ನೋಡಿ ಮುಖ ಸಿಂಡರಿಸಿದರು.

"ಏನಯ್ಯಾ ಇದು, ಹಳದಿ ಹೊಡೀತಿದೆ. ಹಂಡೆಗೆ ನಲವತ್ತು ಗ್ರಾಂ ನೀಲಿ ಹಾಕಿ ತಗೊಂಡು ಬಾ."

"ಆಯ್ತು ಸಾರ್."

ಆಯ್ತಪ್ಪನವರು ಹೊರಗೆ ಬಂದು ಗುಟ್ಟಾಗಿ ಮಾದರಿ ಹಲಗೆಯ ಪಕ್ಕ ಹಿಡಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕೆಳಗೆ ಎರಡು ಸಾವಿರ ಲೀಟರ್ ಒಳ್ಳೆಯ ಬಿಳಿ ತಿರುಗುತ್ತಿತ್ತು. ನೀಲಿ ಹಾಕಿದರೆ ಅಷ್ಟೂ ಹಾಳು. ಹಾಕದಿದ್ದರೆ ರಾಜಾಜ್ಞೆಯ ಉಲ್ಲಂಘನೆ. ಮಹಾಪುರುಷರು ಇಂಥ ಸಂದರ್ಭಗಳಲ್ಲಿ ಪ್ರಾಣ ಕೊಡುತ್ತಾರೆ. ಆಯ್ತಪ್ಪನವರು ಕ್ಯಾಂಟೀನಿಗೆ ಹೋಗಿ ಚಹಾ ಕುಡಿದರು. ಹದಿನೈದು ನಿಮಿಷ ಬಿಟ್ಟು ಅದೇ ಡಬ್ಬಿಯನ್ನು ಮತ್ತೆ ಮೇಲೆ ತಂದು, ಮುಚ್ಚಳ ತೆಗೆದು ಹಿಡಿದರು.

"ಹಾಂ!" ಎಂದರು ದೊಡ್ಡವರು. "ಈಗ ನೋಡು. ಬಣ್ಣ ಅಂದ್ರೆ ಇದು."

ಹೀಗೆ ಹನ್ನೊಂದು ವರ್ಷ ನಡೆಯಿತು. ಡಬ್ಬಿ ಕೆಳಗೆ ಹೋಗುವುದು, ಚಹಾ, ಡಬ್ಬಿ ಮೇಲೆ ಬರುವುದು, "ಹಾಂ!" ಅಂಗಡಿಯವರು ಈ ಕಾರ್ಖಾನೆಯ ಬಿಳಿಗೆ ಸಾಟಿಯಿಲ್ಲ ಎನ್ನುತ್ತಿದ್ದರು. ದೊಡ್ಡವರಿಗೆ ಎರಡು ಸಲ ಫಲಕ ಕೊಟ್ಟರು. ಆಯ್ತಪ್ಪನವರಿಗೆ ಚಹಾದಿಂದ ಎದೆಯುರಿ ಬಂತು.

ಒಂದೇ ಒಂದು ತೊಡಕು. ದಿನದ ಕೊನೆಗೆ ಪುಸ್ತಕದಲ್ಲಿ ಯಾವ ಬಣ್ಣಕ್ಕೆ ಏನು ಸೇರಿಸಿದ್ದು ಎಂದು ಬರೆಯಬೇಕು. ಕೊನೆಯಲ್ಲಿ ಎರಡು ಅಂಕಣ: ಬರೆದವರು, ಒಪ್ಪಿದವರು. ದೊಡ್ಡವರಿಗೆ ಆ ದಿನ ತಾವು ಹೇಳಿದ ಗ್ರಾಂ ಎಲ್ಲ ಸಂಜೆಯವರೆಗೆ ನೆನಪಿರುತ್ತಿತ್ತು, ಭೂತಗನ್ನಡಿ ಹಿಡಿದು ಸಾಲು ಸಾಲು ಓದಿಯೇ ಸಹಿ ಹಾಕುತ್ತಿದ್ದರು. ಆದ್ದರಿಂದ ಆಯ್ತಪ್ಪನವರು ತಮ್ಮ ಮುದ್ದಾದ ಅಕ್ಷರದಲ್ಲಿ ಬರೆದರು: ನೀಲಿ, ನಲವತ್ತು ಗ್ರಾಂ, ಸೇರಿಸಲಾಯಿತು. ನೀಲಿ, ಅರವತ್ತು ಗ್ರಾಂ, ಸೇರಿಸಲಾಯಿತು. ಇಪ್ಪತ್ತೆರಡು ದಪ್ಪ ಪುಸ್ತಕಗಳು ತುಂಬಿದವು.

"ಅವರ ಕಣ್ಣಿಗೆ ಪೊರೆ, ನಿಮ್ಮ ಬಾಯಿಗೆ ಬೀಗ," ಎಂದರು ಹೆಂಡತಿ. ವಕೀಲರೊಬ್ಬರ ಕಚೇರಿಯಲ್ಲಿ ಬೆರಳಚ್ಚು ಮಾಡುವ ಆಕೆಗೆ ಬರೆದದ್ದರ ಬೆಲೆ ಗೊತ್ತಿತ್ತು. "ಹೇಳಿಬಿಡ್ರೀ ಒಂದ್ಸಲ."

"ಹೇಗೆ ಹೇಳೋದೇ? ಕಣ್ಣು ಹೋಯ್ತು ಅಂದ್ರೆ ಅವರಿಗೆ ಉಳಿದಿರೋದೇನು? ಇನ್ನು ಸ್ವಲ್ಪ ದಿನ, ರಿಟೈರ್ ಆಗ್ತಾರೆ. ಆಮೇಲೆ ಆ ಕುರ್ಚಿ ನಂದೇ. ಎಲ್ಲಾ ಸರಿ ಮಾಡ್ತೀನಿ."

"ನೀವು ಸರಿ ಮಾಡೋ ಹೊತ್ತಿಗೆ ಕುರ್ಚಿಗೇ ಪೊರೆ ಬಂದಿರುತ್ತೆ."

ಕಡೆಗೂ ಆ ವರ್ಷ ಬಂತು. ಖರೀದಿಯ ಮುಖ್ಯಸ್ಥರು, ಮಾರಾಟದ ಮುಖ್ಯಸ್ಥರು, ದೊಡ್ಡವರು, ಮೂವರೂ ಆರು ತಿಂಗಳೊಳಗೆ ನಿವೃತ್ತರಾದರು. ಮಹಡಿಯಲ್ಲಿ ಕೆಮ್ಮುವವರೇ ಇಲ್ಲದಂತಾಯಿತು. ಖರೀದಿಗೆ ಮೂವತ್ತೈದರವನೊಬ್ಬ ಬಂದ, ಮಾರಾಟಕ್ಕೆ ಅವನಿಗಿಂತ ಚಿಕ್ಕವಳೊಬ್ಬಳು. ಆಯ್ತಪ್ಪನವರಿಗೆ ಆಗಲೇ ಐವತ್ತೇಳು. ಆದರೆ ಬಣ್ಣದ ವಿಭಾಗಕ್ಕೆ ಆಡಳಿತದವರು ಹೇಳಿದ್ದೇ ಬೇರೆ: ಪ್ರಧಾನ ಕಚೇರಿಯಿಂದ ಮೇಡಂ ಒಬ್ಬರು ನಾಲ್ಕು ತಿಂಗಳಿಗೆ ಬರುತ್ತಾರೆ, ಬಣ್ಣ ಅಳೆಯುವ ಯಂತ್ರ ಕೂರಿಸುತ್ತಾರೆ, ಹೋಗುವಾಗ ಮುಖ್ಯಸ್ಥರು ಯಾರಾಗಬೇಕೆಂದು ಅವರೇ ಬರೆದು ಕೊಡುತ್ತಾರೆ. ಆಯ್ತಪ್ಪನವರು ಅಂದೇ ದರ್ಜಿಗೆ ಎರಡು ತುಂಬುತೋಳಿನ ಅಂಗಿಗೆ ಅಳತೆ ಕೊಟ್ಟರು.

ಮೇಡಂಗೆ ಮೂವತ್ತಮೂರು ವರ್ಷ. ಮೊದಲ ದಿನವೇ ನೇರ ಅವರ ಮೇಜಿಗೆ ಬಂದು, "ನಮಸ್ಕಾರ ಸಾರ್," ಎಂದರು. ಆಯ್ತಪ್ಪನವರು ಹಿಂದೆ ತಿರುಗಿ ನೋಡಿದರು. ಯಾರೂ ಇರಲಿಲ್ಲ. ಇಪ್ಪತ್ತಾರು ವರ್ಷ ಆ ಪದವನ್ನು ಬರೀ ಕಳಿಸಿದ್ದರು, ಬಟವಾಡೆ ತೆಗೆದುಕೊಂಡದ್ದು ಅದೇ ಮೊದಲು.

"ನಿಮ್ಮಷ್ಟು ಈ ಜಾಗ ಬಲ್ಲವರು ಇನ್ಯಾರಿದ್ದಾರೆ ಸಾರ್," ಎಂದರು ಮೇಡಂ. "ಯಂತ್ರ ಒಂದು ಬಂದ್ರೆ ಸಾಕು, ನೀವು ಆರಾಮಾಗಿ ನಡೆಸ್ತೀರಿ." ಆಮೇಲೆ ಇಪ್ಪತ್ತೆರಡು ಪುಸ್ತಕಗಳ ಮೇಲೆ ಕೈಯಿಟ್ಟರು. "ಹಳೆ ಹಲಗೆಗಳು ಮಾಸಿರುತ್ತವೆ, ನಂಬೋಕಾಗಲ್ಲ. ಈ ಪುಸ್ತಕದ ಲೆಕ್ಕಾನೇ ಯಂತ್ರಕ್ಕೆ ತುಂಬಿಸ್ತೀನಿ. ಇದರಲ್ಲಿರೋದೆಲ್ಲ ಸರಿ ತಾನೆ?"

ಕೇಳಿದ್ದು ಇಷ್ಟೇ. ಹೌದು ಅಥವಾ ಅಲ್ಲ. ಅಲ್ಲ ಎಂದರೆ ದೊಡ್ಡವರ ಎರಡು ಫಲಕವೂ ಗೋಡೆಯಿಂದ ಬೀಳುತ್ತವೆ, ಬರೆದವರು ಎಂಬ ಅಂಕಣದಲ್ಲಿ ಹನ್ನೊಂದು ವರ್ಷದ ಸುಳ್ಳು ಎದ್ದು ಕೂರುತ್ತದೆ, ಕುರ್ಚಿ ಎಂಟು ಹೆಜ್ಜೆಯಿಂದ ಎಂಟು ಮೈಲಿಗೆ ಹೋಗುತ್ತದೆ. ಅಷ್ಟು ದೊಡ್ಡ ಯಂತ್ರ, ತಪ್ಪಿದ್ದರೆ ಅದಕ್ಕೇ ಕಾಣದೆ ಇರುತ್ತದೆಯೇ ಎಂದುಕೊಂಡರು.

"ಸರಿ ಇದೆ ಮೇಡಂ."

ಯಂತ್ರಕ್ಕೆ ಏನೂ ಕಾಣಲಿಲ್ಲ. ಅದಕ್ಕೆ ಗೊತ್ತಿದ್ದ ಬಿಳಿ ಪುಸ್ತಕದ ಬಿಳಿ. ಪುಸ್ತಕದಂತೆ ನೀಲಿ ಹಾಕಿದ ಹಂಡೆಯನ್ನು ಪುಸ್ತಕಕ್ಕೇ ಹೋಲಿಸಿ ಹಸಿರು ದೀಪ ಬೆಳಗಿಸಿತು. ಆಯ್ತಪ್ಪನವರು ಪಕ್ಕದಲ್ಲಿ ಹಾದು ಹೋಗುವಾಗ ಡಬ್ಬಿ ನೋಡಿದರು. ಚಳಿಗೆ ಸೆಟೆದ ತುಟಿಯ ಬಣ್ಣ. ಒಂದು ಕ್ಷಣ ನಿಂತರು. ಹಸಿರು ದೀಪ ಉರಿಯುತ್ತಲೇ ಇತ್ತು. ಮುಂದೆ ನಡೆದರು. ಅಂದು ಚಹಾವನ್ನೂ ಕುಡಿಯಲಿಲ್ಲ.

ಎರಡು ವಾರದಲ್ಲಿ ಡಬ್ಬಿಗಳು ವಾಪಸಾಗತೊಡಗಿದವು. ಶಾಲೆಯೊಂದರ ಆರು ಕೋಣೆ, ಮದುವೆಗೆಂದು ಬಳಿಸಿದ ಒಂದು ಮನೆ, ದಂತವೈದ್ಯರೊಬ್ಬರ ಇಡೀ ಕ್ಲಿನಿಕ್ಕು. ದಂತವೈದ್ಯರು ಫೋನಿನಲ್ಲೇ ಕೂಗಾಡಿದರು: "ಈ ಗೋಡೆ ಮುಂದೆ ಕೂತ್ರೆ ನನ್ನ ರೋಗಿಗಳ ಹಲ್ಲೆಲ್ಲ ಹಳದಿ ಕಾಣ್ತವೆ ಕಣ್ರೀ!" ಎಂದು. ವ್ಯಾಪಾರಕ್ಕೆ ಒಳ್ಳೆಯದೇ ಅಲ್ಲವೇ ಎಂದು ಕೇಳುವಷ್ಟು ಧೈರ್ಯ ಯಾರಿಗೂ ಬರಲಿಲ್ಲ.

ವಿಚಾರಣೆಗೆ ದೊಡ್ಡವರನ್ನೇ ಕರೆಸಿದರು. ಅವರು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದರು. ನಿವೃತ್ತಿಯಾದ ಮರುತಿಂಗಳೇ ಮಗಳು ಕರೆದೊಯ್ದು ಪೊರೆ ತೆಗೆಸಿದ್ದಳು. ಕಣ್ಣು ತೊಳೆದಿಟ್ಟ ಗಾಜಿನಂತೆ ಹೊಳೆಯುತ್ತಿತ್ತು. ಕಿಟಕಿಯ ಬಳಿ ನಿಂತು ಡಬ್ಬಿಗೆ ಇಣುಕಿದರು.

"ಯಾವ ಕತ್ತೆ ಮಾಡಿದ್ದು ಇದನ್ನ? ಐವತ್ತು ಗ್ರಾಂ ನೀಲಿ ಹೆಚ್ಚಾಗಿದೆ!"

ಮೇಡಂ ಪುಸ್ತಕ ನೋಡಿದರು. ಐವತ್ತೇ. "ಸಾರ್, ಈ ಐವತ್ತು ನೀವೇ ಹಾಕಿಸಿದ್ದು ಅಂತ ಇದೆ. ಒಪ್ಪಿದವರು ಅಂತ ನಿಮ್ಮ ಸಹಿ ಇದೆ."

"ನಾನಾ? ಬಿಳಿಗೆ ಐವತ್ತು ನೀಲಿ ಹಾಕೋಕೆ ನನಗೇನು ತಲೆ ಕೆಟ್ಟಿದೆಯಾ?" ದೊಡ್ಡವರು ನಿಧಾನವಾಗಿ ತಿರುಗಿದರು. "ಬರೆದದ್ದು ಇವನು. ನಾನು ಕಣ್ಣು ಮುಚ್ಚಿಕೊಂಡು ನಂಬಿದ್ದೆ ಕಣಮ್ಮ ಇವನನ್ನ. ಏನಯ್ಯಾ ಇದು?"

ಅವರು ಸುಳ್ಳು ಹೇಳುತ್ತಿರಲಿಲ್ಲ. ಆಯ್ತಪ್ಪನವರನ್ನು ಕೊಂದದ್ದು ಅದೇ. ದಿನದಿನದ ಗ್ರಾಂ ಸಹಿಯೊಂದಿಗೇ ಮರೆತುಹೋಗಿತ್ತು; ಹನ್ನೊಂದು ವರ್ಷ ತಮಗೆ ಬಣ್ಣ ತಪ್ಪಾಗಿ ಕಾಣುತ್ತಿತ್ತು ಎಂಬುದು ದೊಡ್ಡವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಗೊತ್ತಾಗದಂತೆ ನೋಡಿಕೊಂಡವರು ಯಾರು? ಎದುರಿಗಿದ್ದ ಮುಖದ ತುಂಬ ನೋವಿತ್ತು. ಹಾಗೆ ನೊಂದವರಿಗೆ ಏನು ಹೇಳುವುದು? ಆಯ್ತಪ್ಪನವರು ಡಬ್ಬಿಯ ಮುಚ್ಚಳ ಹಾಕಿದರು. ದೊಡ್ಡವರು ಕೈ ಕೊಡದೆ ಮೆಟ್ಟಿಲಿಳಿದು ಹೋದರು.

ಎಲ್ಲರೂ ಹೋದ ಮೇಲೆ ಮೇಡಂ ಬಾಗಿಲು ಮುಚ್ಚಿದರು. "ಈಗ ಹೇಳಿ ಸಾರ್."

ಹೇಳಿದರು. ಪೊರೆ, ಚಹಾ, ಅದೇ ಡಬ್ಬಿ, "ಹಾಂ!" ಎಲ್ಲವನ್ನೂ. ಹೇಳುತ್ತಾ ಡಬ್ಬಿ ಹಿಡಿದು ಬಾಗಿಲವರೆಗೆ ನಡೆದು ಮರಳಿ ಬಂದೂ ತೋರಿಸಿದರು. ಇಪ್ಪತ್ತಾರು ವರ್ಷದಲ್ಲಿ ಅವರು ಒಂದೇ ಉಸಿರಿಗೆ ಆಡಿದ ಅತಿ ಉದ್ದದ ಮಾತು ಅದು. ಯಾರೂ ನಂಬುವುದಿಲ್ಲ ಎಂದು ಅವರಿಗೆ ಖಾತ್ರಿಯಿತ್ತು.

"ನಂಬ್ತೀನಿ," ಎಂದರು ಮೇಡಂ. "ಸ್ಟೋರಿನಲ್ಲಿ ನೀಲಿ ಪುಡಿ ಪುಸ್ತಕದಲ್ಲಿರೋದಕ್ಕಿಂತ ಮೂರು ಪೀಪಾಯಿ ಹೆಚ್ಚಿದೆ. ಬಂದ ವಾರವೇ ನೋಡಿದ್ದೆ. ಕಡಿಮೆ ಬಿದ್ರೆ ಎಲ್ಲರೂ ಕೇಳ್ತಾರೆ, ಹೆಚ್ಚಾದ್ರೆ ಯಾರೂ ಕೇಳಲ್ಲ. ನಾನೂ ಕೇಳಲಿಲ್ಲ. ಅದು ನನ್ನ ತಪ್ಪು."

ಆಯ್ತಪ್ಪನವರ ಎದೆಯ ಮೇಲಿನ ಬಂಡೆ ಸರಿಯಿತು. ಸರಿದು, ಸ್ವಲ್ಪ ತಡೆದು, ಮತ್ತೆ ಅಲ್ಲೇ ಬಂದು ಕೂತಿತು. ಯಾಕೆಂದರೆ ಮೇಡಂ ಮಾತು ಮುಗಿದಿರಲಿಲ್ಲ.

"ಅಂದ್ರೆ ನಿಮಗೆ ಸರಿ ಯಾವುದು ಅಂತ ದಿನಾ ಗೊತ್ತಿತ್ತು. ದಿನಾ ತಪ್ಪನ್ನೇ ಬರೆದಿರಿ. ನಾನು ಎದುರಿಗೆ ನಿಂತು ಕೇಳಿದಾಗ್ಲೂ ಸರಿ ಇದೆ ಅಂದಿರಿ. ಅವರಿಗೆ ಕಣ್ಣು ಕಾಣ್ತಿರಲಿಲ್ಲ ಸಾರ್, ನಿಮಗೆ ಕಾಣ್ತಿತ್ತಲ್ಲ. ನಾಳೆ ನಾನು ತಪ್ಪು ಮಾಡಿದ್ರೆ ನನಗೂ ಅದೇ ಡಬ್ಬಿ ತಾನೆ ತೋರಿಸೋದು? ನಿಮ್ಮ ಹೆಸರು ಹೇಗೆ ಬರೆದು ಕೊಡಲಿ?"

ದನಿ ಏರಲಿಲ್ಲ. ಸಾರ್ ಎನ್ನುವುದನ್ನೂ ಬಿಡಲಿಲ್ಲ. ಆಕೆ ಹೇಳಿದ್ದರಲ್ಲಿ ತಪ್ಪಿದ್ದ ಪದ ಒಂದೂ ಇರಲಿಲ್ಲ.

ಮನೆಯಲ್ಲಿ ಹೆಂಡತಿ ಎಲ್ಲ ಕೇಳಿದರು. ನಾನು ಮೊದಲೇ ಹೇಳಿದ್ದೆ ಎನ್ನಬಹುದಿತ್ತು. ಆ ಹಕ್ಕನ್ನು ಅವರು ಯಾವತ್ತೂ ಬಿಟ್ಟವರಲ್ಲ. ಅಂದು ಬಿಟ್ಟರು. ಹೊಸ ಅಂಗಿಗಳನ್ನು ಮಡಿಸಿ ಒಳಗಿಟ್ಟರು. ಆ ಮೌನದಿಂದ ಆಯ್ತಪ್ಪನವರಿಗೆ ಸಂಗತಿ ಎಷ್ಟು ಕೆಟ್ಟಿದೆ ಎಂಬುದು ಪೂರ್ತಿ ಅರ್ಥವಾಯಿತು.

ಮುಖ್ಯಸ್ಥರ ಹುದ್ದೆಯಲ್ಲಿ ಮೇಡಂ ಅವರೇ ಉಳಿದರು. ಕುಂಟು ಚಕ್ರದ ಕುರ್ಚಿಯನ್ನು ಗುಜರಿಗೆ ಹಾಕಿದರು. ಆಕೆ ನಿಂತೇ ಕೆಲಸ ಮಾಡುವವರು. ಆಯ್ತಪ್ಪನವರಿಗೆ ಒಂದು ಕೆಲಸ ಕೊಟ್ಟರು: ಮುನ್ನೂರ ಹನ್ನೆರಡು ಬಣ್ಣಗಳ ನಿಜವಾದ ಅಳತೆಯನ್ನು ನೆನಪಿನಿಂದ ಹೊಸದಾಗಿ ಬರೆಯಬೇಕು. "ಈ ಸಲ ನಿಜ ಮಾತ್ರ ಸಾರ್."

ಬರೆಯಲು ಕೂತರು. ಆಶ್ಚರ್ಯವೆಂದರೆ ಎಲ್ಲವೂ ತಲೆಯಲ್ಲಿತ್ತು. ಬರೆದದ್ದನ್ನು ಮೇಡಂ ಕಲಸಿಸಿ, ಕತ್ತಲೆಯಲ್ಲಿ ಮಾಸದೆ ಉಳಿದಿದ್ದ ಮಾದರಿ ಹಲಗೆಯ ಪಕ್ಕ ಹಿಡಿದು, ಯಂತ್ರಕ್ಕೆ ತುಂಬಿಸುತ್ತಿದ್ದರು. ಪ್ರತಿ ಸಲವೂ ಸರಿ. "ಅಬ್ಬಾ, ಎಂಥ ಕಣ್ಣು ಸಾರ್ ನಿಮ್ಮದು!" ಎಂದು ಮೇಡಂ ಮನಸಾರೆ ಹೇಳುತ್ತಿದ್ದರು. ಹತ್ತು ವರ್ಷದ ಹಿಂದೆ ಯಾರಾದರೂ ಹೀಗೆ ಅಂದಿದ್ದರೆ ಆಯ್ತಪ್ಪನವರು ಕುಣಿದಾಡುತ್ತಿದ್ದರೇನೋ. ಈಗ ಒಂದೊಂದು ಹಾಳೆ ಮುಗಿದಂತೆ ತಾವೇ ಒಂದೊಂದು ಅಂಗುಲ ಖಾಲಿಯಾಗುತ್ತಿರುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮುನ್ನೂರ ಒಂದನೆಯದು ಒಂದು ಮಂಕು ಬೂದು, ವರ್ಷಕ್ಕೆ ಹತ್ತು ಡಬ್ಬಿ ಕೂಡ ಹೋಗದ ಬಣ್ಣ. ಅದಕ್ಕೆ ಕಪ್ಪು ಹದಿನೆಂಟು ಗ್ರಾಂ. ಆಯ್ತಪ್ಪನವರ ಪೆನ್ನು ನಿಂತಿತು. ಒಂದಾದರೂ ತಮ್ಮ ಬಳಿಯೇ ಉಳಿಯಲಿ ಎನಿಸಿತು. ಒಂದು ದಿನ ಯಾರಾದರೂ ಈ ಬೂದು ಸರಿಯಾಗುತ್ತಿಲ್ಲ ಎಂದು ಮೆಟ್ಟಿಲು ಹತ್ತಿ ತಮ್ಮನ್ನು ಹುಡುಕಿಕೊಂಡು ಬರಲಿ. ಇಪ್ಪತ್ನಾಲ್ಕು ಎಂದು ಬರೆದರು. ಯಾರೂ ಅಪ್ಪಣೆ ಕೊಡದೆ, ಯಾರನ್ನೂ ಕಾಪಾಡಲೆಂದಲ್ಲದೆ, ತಮಗಾಗಿಯೇ ಬರೆದ ಮೊದಲ ಸುಳ್ಳು.

ಮೇಡಂ ಬೂದು ಹಲಗೆಯನ್ನು ಯಂತ್ರಕ್ಕೆ ತೋರಿಸಿ ಅಂಕಿಗಳನ್ನು ಒತ್ತಿದರು. ಯಂತ್ರ ಕೆಂಪು ದೀಪ ಹಚ್ಚಿ, ಮರುಕ್ಷಣ ಇನ್ನೊಂದು ಅಂಕಿ ತೋರಿಸಿತು.

"ನೋಡಿ ಸಾರ್! ಕಪ್ಪು ಹದಿನೇಳೂವರೆ ಇರಬೇಕು ಅಂತಿದೆ. ನಿಮ್ಮ ಮುನ್ನೂರು ಬಣ್ಣ ನೋಡಿ ನೋಡಿ ತಾನೇ ಕಲ್ತುಬಿಟ್ಟಿದೆ." ಹಾಗೆಯೇ ಕಲಸಿಸಿ ಹಲಗೆಯ ಪಕ್ಕ ಹಿಡಿದರು.

ಆಯ್ತಪ್ಪನವರು ಕಿಟಕಿಯ ಬೆಳಕಿಗೆ ಬಾಗಿ ನೋಡಿದರು. ಹದಿನೇಳೂವರೆಯೇ ಸರಿ. ಅವರು ಬಚ್ಚಿಟ್ಟುಕೊಂಡ ಹದಿನೆಂಟು ಅರ್ಧ ಗ್ರಾಂ ಹೆಚ್ಚು. ಎಷ್ಟೋ ವರ್ಷದಿಂದ ಹೆಚ್ಚೇ ಇದ್ದಿರಬೇಕು.

"ದಣಿದಿದ್ದೀರಿ ಸಾರ್, ಅದಕ್ಕೇ ತಪ್ಪಿದೆ," ಎಂದರು ಮೇಡಂ, ಅಕ್ಕರೆಯಿಂದಲೇ. "ಉಳಿದ ಹನ್ನೊಂದು ಬರೀಬೇಡಿ ಬಿಡಿ. ಅದನ್ನ ಅದೇ ಮಾಡ್ಕೊಳ್ಳುತ್ತೆ."

ಆಯ್ತಪ್ಪನವರು ಉಳಿದ ಖಾಲಿ ಹಾಳೆಗಳನ್ನು ಜೋಡಿಸಿ ಆಕೆಯ ಕೈಗೆ ಕೊಟ್ಟರು.