ಲಾಭದಿಂದ ನಾಲ್ಕರವರೆಗೆ

ಮೊನ್ನೆ ಮಗಳ ಹೊಸ ರೇನ್‌ಕೋಟಿನ ಮಡಿಕೆ ಬಿಚ್ಚಿದಾಗ ನೈಲಾನ್ ವಾಸನೆ ಎದ್ದಿತು. ನನ್ನ ಬಲಗೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಅಲ್ಲೇನೂ ಇರಲಿಲ್ಲ. ಎಷ್ಟೋ ವರ್ಷಗಳ ಹಿಂದೆ ಒಂದು ಹಿಡಿಕೆ ಇತ್ತು. ಕೆಂಪಗಿತ್ತು ಎಂದು ಬರೆಯಬೇಕೆನಿಸುತ್ತದೆ. ನಂಬಬೇಡಿ, ಬಣ್ಣಗಳನ್ನು ನಾನು ಆಮೇಲೆ ಬಳಿಯುತ್ತೇನೆ.

ಗಂಗಾವತಿಯ ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದೆ. ಪ್ಯಾರಾಚೂಟ್ ತರಬೇತಿಗೆ ನಾನು ಆಯ್ಕೆಯಾದಾಗ ಮನೆಯಲ್ಲಿ ಹೆದರದಿದ್ದವನು ಸೋದರಮಾವ ಒಬ್ಬನೇ. ಸೈನ್ಯದಲ್ಲಿದ್ದಾಗ ವಿಮಾನದಿಂದ ಹಾರುತ್ತಿದ್ದವನು, ಆಗ ಅಕ್ಕಿ ಗಿರಣಿಯೊಂದರ ಕಾವಲುಗಾರ. ಗಿರಣಿಯ ಕಟ್ಟೆಯಿಂದ ಹೊಟ್ಟಿನ ರಾಶಿಗೆ ದಿನವೂ ನನ್ನನ್ನು ಹಾರಿಸುತ್ತಿದ್ದ. ಲಾರಿಯಿಂದಿಳಿಯುವ ಹಮಾಲರಂತೆ ಒಂದು ಕಾಲು ಮೊದಲು ಊರಿದರೆ ಬೈಗುಳ: "ಕಾಲ ಜೋಡಸ! ನಿನ್ನದೊಂದು ಮುರದ್ರ ನಿಮ್ಮವ್ವ ನನ್ನವೆರಡೂ ಮುರೀತಾಳ!"

"ಭಾಳ ಎತ್ತರ ಇರತೈತೇನ, ಮಾಮಾ?"

"ಎತ್ತರಿದ್ರ ಛಲೋ ಅಲ್ಲೇನವಾ, ಯೋಚನಿ ಮಾಡಾಕ ಟೈಮ್ ಸಿಗತೈತಿ. ನಿಮ್ಮನ್ನ ತಗ್ಗಿನಿಂದ ಬಿಡ್ತಾರ."

ತಗ್ಗು ಎಂದರೆ ಸಾವಿರ ಚಿಲ್ಲರೆ ಅಡಿ. ಹಾರಿದೊಡನೆ, ವಿಮಾನಕ್ಕೆ ಕಟ್ಟಿದ ಪಟ್ಟಿಯೇ ಬೆನ್ನಿನ ಪ್ಯಾರಾಚೂಟನ್ನು ಎಳೆದು ಬಿಚ್ಚುತ್ತದೆ. ನಾಲ್ಕು ಎಣಿಸಿ ಮೇಲೆ ನೋಡಬೇಕು. ಬಿಚ್ಚಿರದಿದ್ದರೆ ಹೊಟ್ಟೆಯ ಮೇಲಿನ ಹಿಡಿಕೆ ಎಳೆದು ಎರಡನೆಯದನ್ನು ಬಿಚ್ಚಬೇಕು. ತಡವಾದರೆ ನೆಲ. ಅವಸರಪಟ್ಟರೆ ಎರಡೂ ಒಂದಕ್ಕೊಂದು ಸುತ್ತಿಕೊಳ್ಳುತ್ತವೆ. ನಾನೋ, ಹೊಟ್ಟಿನ ಮೇಲೆ ನಿಂತೇ ಒಂದೇ ಉಸಿರಿಗೆ ನಾಲ್ಕು ಮುಗಿಸುತ್ತಿದ್ದೆ.

ಮಾವ ಅಂಗಳದತ್ತ ಕೈ ತೋರಿದ. ಕೂಲಿಯ ಹೆಂಗಸರಿಗೆ ನುಚ್ಚು ಅಳೆದು ಕೊಡುತ್ತಿದ್ದ ಮುದುಕ, ಅಳೆಯುವವರ ರೂಢಿಯಂತೆ, ಮೊದಲ ಸೇರಿಗೆ ಒಂದು ಎನ್ನದೆ 'ಲಾಭಾ' ಎಂದು ರಾಗವೆಳೆಯುತ್ತಿದ್ದ. ಅದನ್ನು ಸುರಿಯುವವರೆಗೆ ಎರಡಕ್ಕೆ ಹೋಗುತ್ತಿರಲಿಲ್ಲ.

"ಅಂಜಿಕಿ ಬಂದ್ರ ಎಣಿಕಿ ಓಡತೈತಿ. ಅವನಂಗ ಎಣಸು. ಸೇರ ಸುರಿಯೂತನಕ ಮುಂದಿಂದು ಅನಬ್ಯಾಡ."

ವಿಮಾನದ ಬಾಗಿಲಲ್ಲಿ ಗಾಳಿ ಮುಖಕ್ಕೆ ಬಡಿಯಿತು. ಯಾರೋ ಭುಜ ತಟ್ಟಿದರು. ಹಾರಿದೆ. ಲಾಭಾ... ಎರಡಾ... ಕೈ ಹಿಡಿಕೆಯ ಮೇಲಿತ್ತು, ಎಳೆ ಎಳೆ ಎಂದು ಮೈಯೆಲ್ಲ ಕೂಗುತ್ತಿತ್ತು. ಸೇರು ಇನ್ನೂ ಸುರಿದಿರಲಿಲ್ಲ. ಎಳೆಯಲಿಲ್ಲ. ಆಮೇಲೆ ಭುಜಗಳನ್ನು ಯಾರೋ ಮೇಲಕ್ಕೆ ಸೆಳೆದಂತಾಯಿತು. ತಲೆಯೆತ್ತಿದೆ. ಕಣ್ಣು ತುಂಬುವಷ್ಟು ಬಟ್ಟೆ. ಅದರೊಳಗೆ ಬಿಸಿಲು ಉಸಿರಾಡುತ್ತಿತ್ತು. ವಿಮಾನದ ಸದ್ದು ಹೋಗಿಬಿಟ್ಟಿತ್ತು. ಅಷ್ಟು ದೊಡ್ಡ ಮೌನದೊಳಗೆ ಅದಕ್ಕೆ ಮೊದಲು ನಾನು ಇದ್ದಿಲ್ಲ, ಆಮೇಲೂ ಇಲ್ಲ. ಇಳಿಯುವಾಗ ಕಾಲು ಜೋಡಿಸಿದೆನೇ? ಮುರಿಯಲಿಲ್ಲ, ಜೋಡಿಸಿರಬೇಕು.

"ಎಷ್ಟಕ್ಕ ಬಿಚ್ಚಿತು?" ಊರಿಗೆ ಬಂದಾಗ ಮಾವ ಮೊದಲು ಕೇಳಿದ್ದು ಇದು. ಮೂರಕ್ಕೆ ಎಂದೆ. ಮದುವೆ, ತೊಟ್ಟಿಲು, ಸತ್ತವರ ದಿವಸ, ನೆಂಟರು ಕೂಡಿದಲ್ಲೆಲ್ಲ ಅವನು ಅದನ್ನೇ ಹೇಳಿಸಿದ. ನಾನೂ ಹೇಳುತ್ತ ಬಂದೆ.

ಮೊನ್ನೆ ಸಂಜೆ ಫೋನು ಮಾಡಿದೆ. "ಮಾಮಾ, ಮೂರಂತ ಸುಳ್ಳ ಹೇಳೀನಿ. ಎಷ್ಟಕ್ಕ ಬಿಚ್ಚಿತೋ ನನಗ ಗೊತ್ತಿಲ್ಲ."



"ಅಷ್ಟ ಸಲ ಹಾರೀನಿ," ಎಂದ. "ನನಗೂ ಒಮ್ಮಿನೂ ಗೊತ್ತಾಗಿಲ್ಲವಾ."