ತಕ್ಕಡಿಗೆ ನಂಟಸ್ತಿಕೆ ಇಲ್ಲ

ಉನೈಸಿ ಸುಳ್ಳುಗಾತಿ. ಇದನ್ನು ಮೃದುಮಾಡಿ ಹೇಳುವ ಅಗತ್ಯವಿಲ್ಲ. ಅವಳೂ ಯಾವತ್ತೂ ಅದನ್ನು ನಿರೀಕ್ಷಿಸಿದವಳಲ್ಲ. ಹೊಳೆಯ ತಳದಲ್ಲಿ ಮೂರು ನಿಮಿಷ ಉಸಿರು ಹಿಡಿದಿದ್ದೆ ಎಂದು ಅವಳು ಹೇಳಿದರೆ ಅದನ್ನು ಒಂದಕ್ಕಿಳಿಸಿ ನಂಬುವುದು ಅವಳ ಊರು ನಾಕುಲದ ವಾಡಿಕೆ. ಗಂಡ ಸತ್ತ ಕಥೆಯನ್ನೇ ಅವಳು ಮೂರು ಬಗೆಯಲ್ಲಿ ಹೇಳುತ್ತಿದ್ದಳು. ಒಂದರಲ್ಲಿ ಅವನನ್ನು ಮೊಸಳೆ ಎಳೆದುಕೊಂಡು ಹೋಗುತ್ತಿತ್ತು. ಫಿಜಿಯ ಯಾವ ಹೊಳೆಯಲ್ಲೂ ಮೊಸಳೆಯಿಲ್ಲ, ಅವನು ಸಕ್ಕರೆ ಕಾಯಿಲೆಯಿಂದ ಹಾಸಿಗೆಯಲ್ಲೇ ಸತ್ತದ್ದು ಎಂದು ಕೇಳುವವರಿಗೆಲ್ಲ ಗೊತ್ತಿತ್ತು. ಆದರೂ ಮೊಸಳೆಯ ಕಥೆಯನ್ನೇ ಹೇಳಿಸುತ್ತಿದ್ದರು.

ಅವಳಿಗೆ ಅರವತ್ತೊಂದು ವರ್ಷ. ನಲವತ್ತು ವರ್ಷದಿಂದ ಹೊಳೆಯ ದೊಡ್ಡ ತಿರುವಿನಲ್ಲಿ ಮುಳುಗಿ ಕೆಸರಿನಿಂದ ಕಪ್ಪೆಚಿಪ್ಪು ಬಾಚಿ ತೆಗೆಯುವುದು ಅವಳ ಬದುಕು. ಏಳು ಹೆಂಗಸರು ಒಂದು ಚಪ್ಪಟೆ ದೋಣಿಯಲ್ಲಿ ಹೋಗುವರು. ನಡುಮಟ್ಟದ ನೀರಿನ ತನಕ ಕಾಲ್ಬೆರಳಲ್ಲಿ ಹುಡುಕುವುದು, ಅದರಾಚೆ ಈಜುಗನ್ನಡಕ ಕಟ್ಟಿಕೊಂಡು ಮುಳುಗುವುದು. ಸೊಂಟಕ್ಕೆ ಹಗ್ಗ, ಹಗ್ಗದ ತುದಿಗೆ ತೇಲುವ ಡಬ್ಬ, ಡಬ್ಬಕ್ಕೆ ಚೀಲ. ಯಾರ ಚೀಲ ಹೆಚ್ಚು ಭಾರವೋ ಅವಳಿಗೆ ದೋಣಿಯ ಮುಂಭಾಗ. ಹನ್ನೆರಡು ವರ್ಷದಿಂದ ಅಲ್ಲಿ ಕೂತು ಬರುತ್ತಿದ್ದವಳು ಉನೈಸಿ.

ಆ ವರ್ಷ ಒಂದು ಕಂಪನಿ ದೊಡ್ಡ ತಿರುವಿನ ತಳದಿಂದ ಜಲ್ಲಿ ಎತ್ತಲು ಅನುಮತಿ ಕೇಳಿತು. ಕೊಡುವ ಮೊದಲು ಸರ್ಕಾರ ಒಂದು ಅಧ್ಯಯನ ಬೇಕೆಂದಿತು: ಆ ನೀರನ್ನು ನಂಬಿ ಎಷ್ಟು ಜನ ದುಡಿಯುತ್ತಾರೆ, ಎಷ್ಟು ನೆಮ್ಮದಿಯಿಂದಿದ್ದಾರೆ. ಅದಕ್ಕಾಗಿ ರಾಜಧಾನಿ ಸುವಾದ ವಿಶ್ವವಿದ್ಯಾಲಯದಿಂದ ತೋರಿಕಾ ಎಂಬ ಹುಡುಗಿ ನಲವತ್ತು ಪುಟದ ಪ್ರಶ್ನೆಪಟ್ಟಿ ಹಿಡಿದು ಬಂದಳು. ಶಾಸ್ತ್ರಕ್ಕೆ ತಕ್ಕಂತೆ, ಅರೆದು ಕುಡಿಯುವ ಯಂಗೋನದ ಬೇರಿನ ಕಟ್ಟನ್ನು ಊರ ಹಿರಿಯನ ಮುಂದೆ ಕಾಣಿಕೆ ಇಟ್ಟು, ತನ್ನ ಊರು ನವೂಸಾ ದ್ವೀಪ ಎಂದಳು. ಚಾಪೆಯ ಮೇಲೆ ಕೂತಿದ್ದ ಹೆಂಗಸರೆಲ್ಲ ಒಟ್ಟಿಗೆ ಕೇಕೆ ಹಾಕಿದರು.

ನವೂಸಾದವರಿಗೂ ನಾಕುಲದವರಿಗೂ ಒಬ್ಬನೇ ಮೂಲಪುರುಷ. ಅಂಥ ಎರಡು ಊರಿನವರು ಪರಸ್ಪರ ತೌವು. ತೌವನ್ನು ಬೈಯಬಹುದು, ಅವರ ಬುಟ್ಟಿಗೆ ಕೈ ಹಾಕಬಹುದು. ಯಾರೂ ಸಿಟ್ಟು ಮಾಡಿಕೊಳ್ಳುವಂತಿಲ್ಲ. ತೌವಿನ ಜೊತೆ ಗಂಭೀರವಾಗಿ ಮಾತಾಡುವುದೆಂದರೆ ನಂಟು ಕಡಿದುಕೊಂಡ ಹಾಗೆ.

"ನವೂಸಾದೋಳಾ?" ಎಂದಳು ಉನೈಸಿ. "ಎಲ್ರೂ ಚಪ್ಪಲಿ ಒಳಗಿಟ್ಕೊಳ್ರೇ. ಇವಳಜ್ಜ ನಮ್ಮೂರ ಹಂದಿ ಕದ್ದವನು."

"ಪಾಪ, ಕತ್ತಲಲ್ಲಿ ಹಂದಿ ಅಂದ್ಕೊಂಡು ಹೊತ್ಕೊಂಡು ಹೋದ," ಎಂದಳು ತೋರಿಕಾ. "ಮನೇಲಿ ದೀಪ ಹಚ್ಚಿ ನೋಡಿದ್ರೆ ನಿಮ್ಮೂರ ಹೆಂಗ್ಸು."

ಮಕೆಲೆಸಿ ನಕ್ಕು ನಕ್ಕು ಚಹಾ ಚೆಲ್ಲಿಕೊಂಡಳು. ಅವಳು ಉನೈಸಿಯ ನಂತರದ ಮುಳುಗುಗಾತಿ, ದೋಣಿಯಲ್ಲಿ ಎರಡನೆಯ ಜಾಗದವಳು.

ಆಮೇಲೆ ಪ್ರಶ್ನೆಗಳು ಶುರುವಾದವು.

"ಹೋದ ವಾರ ಎಷ್ಟು ಗಂಟೆ ಕೆಲಸ ಮಾಡಿದ್ರಿ?"

"ಕೆಲ್ಸಾನಾ? ನಾವು ಸುಮ್ನೆ ಕೂತಿರ್ತೀವಮ್ಮ. ಕೆಲ್ಸ ಮಾಡೋದು ನವೂಸಾದೋರು, ಹಂದಿ ಹೊರೋಕೆ."

"ಮನೇಲಿ ಗಂಡಸರೆಷ್ಟು?"

"ನಾಲ್ಕು ಜನ ಗಂಡಂದಿರು. ಒಬ್ಬನ್ನ ನಿಂಗೆ ಕೊಡ್ಲಾ?"

"ಹತ್ತು ಮೆಟ್ಟಿಲ ಏಣಿ ಅಂದ್ಕೊಳ್ಳಿ. ತುದೀಲಿ ಒಳ್ಳೇ ಬದುಕು, ಬುಡದಲ್ಲಿ ಕೆಟ್ಟದ್ದು. ನೀವೆಲ್ಲಿದ್ದೀರಿ?"

"ತುದೀಲೇ. ಜೀಗುಜ್ಜೆ ಕೀಳ್ತಾ ಇದೀನಿ. ನೀನು ಕೆಳಗೆ ನಿಂತು ಏಣಿ ಹಿಡ್ಕೋ."

ಉನೈಸಿ ಹೇಳಿದ್ದನ್ನೇ ಉಳಿದ ಆರು ಜನ ಒಂದೊಂದು ಗಂಡನನ್ನು ಹೆಚ್ಚಿಸಿಯೋ ಇಳಿಸಿಯೋ ಹೇಳಿದರು. ತೋರಿಕಾ ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡಳು. ಬರೆಯುವಾಗ ಅವಳೂ ನಗುತ್ತಿದ್ದಳು. ಓದಿದ ಹುಡುಗಿ ಮಾಡಬಾರದ ತಪ್ಪು ಅದು. ಆದರೆ ನವೂಸಾದ ಹುಡುಗಿಗೆ ಬೇರೆ ದಾರಿಯೂ ಇರಲಿಲ್ಲ.

ಎರಡು ವಾರದ ಮೇಲೆ, ಒಂದು ಬುಧವಾರ, ಬಸ್ಸಿನಿಂದಿಳಿದವಳ ಮುಖದಲ್ಲಿ ನಗು ಇರಲಿಲ್ಲ.

"ಕಂಪ್ಯೂಟರ್ ಲೆಕ್ಕ ಹಾಕಿದೆ," ಎಂದು ಅವಳು ಕಾಗದ ಬಿಡಿಸಿದಳು. "ನಾಕುಲದ ಹೆಂಗಸರು ವಾರಕ್ಕೆ ದುಡಿಯೋದು ಸೊನ್ನೆ ಗಂಟೆ. ನೆಮ್ಮದಿ ಹತ್ತಕ್ಕೆ ಹತ್ತು. ಗಂಡಂದಿರು ತಲೆಗೆ ಮೂರೂವರೆ."

ಹೋ ಎಂಬ ನಗು ಎದ್ದಿತು.

"ನಮ್ಮ ಪ್ರೊಫೆಸರೂ ನಕ್ರು. ಕಂಪನಿಯೋರು ನಗಲಿಲ್ಲ. ಸೊನ್ನೆ ಅನ್ನೋದನ್ನ ಬರ್ಕೊಂಡ್ರು. ತಿರುವಿನಲ್ಲಿ ಯಾರೂ ಕೆಲಸ ಮಾಡಲ್ಲ ಅಂತ ಶುಕ್ರವಾರ ಸರ್ಕಾರದ ಸಭೆಗೆ ಹೋದ್ರೆ, ಸೋಮವಾರ ಯಂತ್ರ ಬರುತ್ತೆ."

ನಗು ಅಲ್ಲೇ ನಿಂತಿತು. ಮಕೆಲೆಸಿ ಮುಂದೆ ಸರಿದು ಕೂತಳು. "ಹಂಗಾದ್ರೆ ಈಗ ನಿಜ ಹೇಳ್ತೀನಿ, ಬರ್ಕೋ. ನಾನು ದಿನಕ್ಕೆ ಐದು ಗಂಟೆ..." ತೋರಿಕಾಳ ಮುಖ ನೋಡಿದಳು. ತುಟಿ ಅದುರಿತು. "...ನಿಮ್ಮಪ್ಪನ ಜೊತೆ ಇರ್ತೀನಿ."

ಇನ್ನೂ ಇಬ್ಬರು ಪ್ರಯತ್ನಪಟ್ಟು ಸೋತರು. ತೌವಿನ ಮುಖ ನೋಡುತ್ತ ನೆಟ್ಟಗೆ ನಿಜ ಹೇಳಲು ನಾಕುಲದ ನಾಲಿಗೆಗೆ ಬರುವುದಿಲ್ಲ. ಬೇರೊಬ್ಬರನ್ನು ಕಳಿಸಲು ಸಮಯವೂ ಇರಲಿಲ್ಲ. ತೋರಿಕಾ ಮಾತನ್ನೇ ಬಿಟ್ಟು ಚೀಲದಿಂದ ಮೀನು ಮಾರುವವರ ತೂಗುತಕ್ಕಡಿಯೊಂದನ್ನು ತೆಗೆದಳು, ಮುಳ್ಳಿನದು, ಕೊಕ್ಕೆಯದು.

"ಇದು ಯಾರಿಗೂ ತೌವು ಅಲ್ಲ," ಎಂದಳು. "ನೀವೇನೂ ಹೇಳ್ಬೇಡಿ. ನೀರಿಗಿಳಿಯೋ ಹೊತ್ತು, ಏಳೋ ಹೊತ್ತು, ಚೀಲದ ತೂಕ, ಇಷ್ಟೇ ಬರ್ಕೋತೀನಿ. ಇವತ್ತಿನ ಪಟ್ಟಿ ಹಿಡ್ಕೊಂಡು ನಾಳೆ ಕಂಪನಿಯೋರು ಅವರ ತಕ್ಕಡಿ ತರ್ತಾರೆ. ಒಂದು ಸುಳ್ಳು ಸಿಕ್ರೂ ಏಳೂ ಸುಳ್ಳು ಅಂತಾರೆ."

ಉನೈಸಿ ತನ್ನ ಚೀಲವನ್ನು ಕಂಕುಳಿಗೆ ಸೇರಿಸಿಕೊಂಡಳು.

ಎರಡು ವರ್ಷದಿಂದ ಅವಳ ಬಲಗಿವಿ ಕೆಟ್ಟಿತ್ತು. ಆಳುದ್ದ ನೀರಿಗೆ ಇಳಿದರೆ ಕಿವಿಯಲ್ಲಿ ಸೂಜಿ ಇಟ್ಟು ತಿರುಗಿಸಿದ ಹಾಗಾಗುತ್ತಿತ್ತು. ಅವಳೀಗ ಮುಳುಗುತ್ತಲೇ ಇರಲಿಲ್ಲ. ಬೇರೆಯವರು ನೀರಡಿಯಲ್ಲಿರುವಾಗ ದಡದಂಚಿನ ಜೊಂಡಿನ ಹಿಂದೆ ಕಾಲಲ್ಲಿ ತಡವಿ ಸಿಕ್ಕಿದ್ದನ್ನು ಹೆಕ್ಕುತ್ತಿದ್ದಳು. ಚಿಪ್ಪು ಒಣಗದಿರಲೆಂದು ಎಲ್ಲರೂ ಚೀಲಕ್ಕೆ ಒಂದು ಹಿಡಿ ಒದ್ದೆ ಹುಲ್ಲು ಹಾಕುತ್ತಾರೆ. ಅವಳು ಒಂದು ಹೊರೆ ಹಾಕುತ್ತಿದ್ದಳು, ಹುಲ್ಲಿನ ಕೆಳಗೆ ಹೊಳೆಗಲ್ಲು. ಚೀಲವನ್ನು ಯಾರೂ ಮುಟ್ಟಲು ಬಿಡದೆ ತಾನೇ ಹೊತ್ತು ಮನೆಗೊಯ್ಯುವಳು. ಎಂಥ ಹಟದ ಮುದುಕಿ ಎಂದು ಊರು ಮೆಚ್ಚುತ್ತಿತ್ತು.

ಆ ದಿನವೂ ಅವಳು ಕಲ್ಲು ಹಾಕಿದಳು. ಭಾರ ಹೆಚ್ಚಾದಷ್ಟೂ ತಿರುವಿಗೆ ಒಳ್ಳೆಯದೇ ಎಂದು ತನಗೆ ತಾನೇ ಹೇಳಿಕೊಂಡಳು. ತನಗೂ ಸುಳ್ಳು ಹೇಳಿಕೊಳ್ಳುವುದು ಅವಳಿಗೆ ಕಷ್ಟವೇನಲ್ಲ.

ಐದು ಗಂಟೆ ನೀರಲ್ಲಿದ್ದು ಹೆಂಗಸರು ದಡಕ್ಕೆ ಬಂದರು. ತಕ್ಕಡಿಯನ್ನು ಮಾವಿನ ಕೊಂಬೆಗೆ ಕಟ್ಟಿತ್ತು. ಮಕೆಲೆಸಿಯದು ಇಪ್ಪತ್ತೊಂದು ಕಿಲೋ. ಉಳಿದವರದು ಹದಿನೆಂಟು, ಹದಿನೇಳು, ಹದಿನಾರು. ಕೊನೆಗೆ ಉನೈಸಿಯ ಚೀಲ ಕೊಕ್ಕೆಗೇರಿತು. ಕೊಂಬೆ ಬಾಗಿತು.

"ಮೂವತ್ತನಾಲ್ಕು!" ಎಂದಳು ತೋರಿಕಾ. "ಅಂತೂ ಈ ಊರಲ್ಲಿ ಕೆಲಸ ಮಾಡೋಳು ಒಬ್ಬಳಾದ್ರೂ ಇದಾಳೆ."

"ನೋಡಿ ಕಲೀರೇ," ಎಂದು ಮಕೆಲೆಸಿ ಉಳಿದವರಿಗೆ ಹೇಳಿ ಚಪ್ಪಾಳೆ ತಟ್ಟಿದಳು. ಅವಳ ಬೆರಳ ತುದಿಗಳು ನೀರಲ್ಲಿ ನೆನೆದು ಬೆಳ್ಳಗೆ ಸುಕ್ಕುಗಟ್ಟಿದ್ದವು, ಒಂದು ಉಗುರು ಕಿತ್ತು ರಕ್ತ ಜಿನುಗುತ್ತಿತ್ತು. ಚಿಪ್ಪು ಸೀಳಿದ್ದಿರಬೇಕು. ಉನೈಸಿ ಆ ಉಗುರನ್ನೇ ನೋಡಿದಳು.

ತಪ್ಪಿಸಿಕೊಳ್ಳುವ ದಾರಿ ಅವಳ ಬಳಿ ಸಿದ್ಧವಾಗಿತ್ತು. ನಾಳೆ ಮಂಡಿ ನೋವೆಂದು ಮನೆಯಲ್ಲಿದ್ದುಬಿಟ್ಟರೆ ಅವಳ ಚೀಲವನ್ನು ತೂಗುವವರಾರು? ಅವಳ ಮಂಡಿಯೂ ಅವಳಷ್ಟೇ ಸುಳ್ಳು ಹೇಳಬಲ್ಲುದು. ಆದರೆ ಬರದವಳ ಹೆಸರಿನ ಮುಂದೆಯೇ ಎಲ್ಲಕ್ಕಿಂತ ದೊಡ್ಡ ಅಂಕಿ ಇದ್ದರೆ, ಕಂಪನಿಯವರು ಬೆರಳಿಡುವುದು ಅಲ್ಲಿಗೇ. ಆಗ ಮಕೆಲೆಸಿಯ ಇಪ್ಪತ್ತೊಂದೂ ಹೊಳೆಪಾಲು.

"ಏ, ನಿಲ್ಲೇ," ಎಂದಳು ತೋರಿಕಾಗೆ.

ಚೀಲವನ್ನು ಕೊಕ್ಕೆಯಿಂದಿಳಿಸಿ ಅವಳು ಮಂಡಿಯೂರಿ ಕೂತಳು. ಮೊದಲು ಹುಲ್ಲು ಹೊರಬಂತು, ತೋಳು ತುಂಬ. ಆಮೇಲೆ ಒಂದು ಕಲ್ಲು. ಇನ್ನೊಂದು. ಒಟ್ಟು ನಾಲ್ಕು. ಮಕೆಲೆಸಿಯ ಬಾಯಿ ತೆರೆದದ್ದು ಹಾಗೇ ಇತ್ತು.

ಜೋತುಬಿದ್ದ ಚೀಲವನ್ನು ಉನೈಸಿ ಮತ್ತೆ ತಾನೇ ಕೊಕ್ಕೆಗೆ ಹಾಕಿ, ಮುಳ್ಳು ಅಲುಗಾಡಿ ನಿಲ್ಲುವ ತನಕ ಕಾದಳು.

"ಒಂಬತ್ತೂವರೆ," ಎಂದು ಆಚೆ ದಡಕ್ಕೂ ಕೇಳುವಂತೆ ಓದಿದಳು. ತೋರಿಕಾಳ ಕೈಯಿಂದ ಪೆನ್ಸಿಲ್ ಕಿತ್ತುಕೊಂಡು ಮೂವತ್ತನಾಲ್ಕನ್ನು ಹೊಡೆದುಹಾಕಿದಳು.